ಹಳದಿ ಕಣ್ಣು, ಬಿಳಿ ಮಲ, ಅರವತ್ತು ದಿನ: ಪಿತ್ತನಾಳದ ಹುಟ್ಟುದೋಷವನ್ನು ಗುರುತಿಸಿದ ಚರಿತ್ರೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಔಷಧಗಳ ಚರಿತ್ರೆಯಾಗಿಯೇ ಓದುತ್ತ ಬಂದಿದ್ದೇವೆ. ಸಿಡುಬಿನ ಲಸಿಕೆ, ಇನ್ಸುಲಿನ್, ಪೆನಿಸಿಲಿನ್ ಎಂದು ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೂ ಒಂದು ಹೆಸರು, ಒಂದು ಇಸವಿ ಬರೆದು ತೃಪ್ತರಾಗುತ್ತೇವೆ. ರೋಗವನ್ನು ಗುರುತಿಸುವ ವಿದ್ಯೆಗೂ ತನ್ನದೇ ಆದ ಚರಿತ್ರೆ ಇದೆ ಎಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ. ಕೆಲವು ರೋಗಗಳ ವಿಷಯದಲ್ಲಂತೂ ಚಿಕಿತ್ಸೆಗಿಂತ ಗುರುತಿಸುವಿಕೆಯ ಕಥೆಯೇ ದೊಡ್ಡದು. ಏಕೆಂದರೆ ಅಲ್ಲಿ ಚಿಕಿತ್ಸೆ ಸಿದ್ಧವಾಗಿದ್ದರೂ ರೋಗಿ ಅದರ ಬಾಗಿಲಿಗೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಪಿತ್ತನಾಳದ ಹುಟ್ಟುದೋಷಗಳು ಅಂತಹ ರೋಗಗಳ ಸಾಲಿಗೆ ಸೇರುತ್ತವೆ. ಅಲ್ಲಿ ರೋಗಿಯ ವಯಸ್ಸನ್ನು ವರ್ಷಗಳಲ್ಲಿ ಎಣಿಸುವುದಿಲ್ಲ, ದಿನಗಳಲ್ಲಿ ಎಣಿಸುತ್ತಾರೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಯಕೃತ್ತು ತಯಾರಿಸುವ ಪಿತ್ತರಸವು ಮರದ ಕೊಂಬೆಗಳಂತೆ ಒಂದರೊಳಗೊಂದು ಕೂಡುವ ಸಣ್ಣ ನಾಳಗಳ ಮೂಲಕ ಹರಿದು, ಕೊನೆಗೆ ಒಂದೇ ನಾಳವಾಗಿ ಕರುಳನ್ನು ಸೇರುತ್ತದೆ. ನಾವು ತಿಂದ ಜಿಡ್ಡನ್ನು ಜೀರ್ಣಿಸಲು ಅದು ಬೇಕು. ಮಲಕ್ಕೆ ಅದರ ಸಹಜವಾದ ಬಣ್ಣ ಬರುವುದೂ ಪಿತ್ತದಿಂದಲೇ. ಕೆಲವು ಶಿಶುಗಳಲ್ಲಿ ಯಕೃತ್ತಿನ ಹೊರಗಿನ ಈ ನಾಳ ಬಾವುಗೊಂಡು, ಗಟ್ಟಿಯಾಗಿ, ಮುಚ್ಚಿಹೋಗುತ್ತದೆ. ಇದಕ್ಕೆ ಬಿಲಿಯರಿ ಅಟ್ರೇಸಿಯಾ ಎಂದು ಹೆಸರು. ಗ್ರೀಕ್ ಮೂಲದ 'ಅಟ್ರೇಸಿಯಾ' ಎಂಬ ಮಾತಿಗೆ ರಂಧ್ರವಿಲ್ಲದ ಸ್ಥಿತಿ ಎಂದಷ್ಟೇ ಅರ್ಥ. ಇನ್ನು ಕೆಲವರಲ್ಲಿ ನಾಳವು ಮುಚ್ಚುವ ಬದಲು ಚೀಲದಂತೆ ಉಬ್ಬಿಕೊಳ್ಳುತ್ತದೆ. ಅದು ಕೋಲೆಡೋಕಲ್ ಸಿಸ್ಟ್. ಎರಡರಲ್ಲೂ ಪಿತ್ತಕ್ಕೆ ದಾರಿ ತಪ್ಪುತ್ತದೆ. ಕರುಳಿಗೆ ಇಳಿಯಬೇಕಾದದ್ದು ರಕ್ತಕ್ಕೆ ಮರಳುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಗಾಢವಾಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ. ಮೊದಲನೆಯ ರೋಗದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಯಕೃತ್ತು ಕಲ್ಲಿನಂತೆ ಗಡುಸಾಗಿ, ಹೆಚ್ಚಿನ ಮಕ್ಕಳು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಪಶ್ಚಿಮ ಯೂರೋಪಿನಲ್ಲಿ ಸುಮಾರು 15,000ದಿಂದ 18,000 ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ಈ ರೋಗ ತೈವಾನಿನಲ್ಲಿ ಅದರ ಎರಡು ಮೂರು ಪಟ್ಟು ಹೆಚ್ಚು.

ಹಳಬರು ಕಂಡದ್ದು

ಕಾಮಾಲೆಯನ್ನು ಮನುಷ್ಯ ಅನಾದಿಯಿಂದ ಬಲ್ಲ. ಗ್ರೀಕರು ಅದನ್ನು 'ಇಕ್ಟೆರೋಸ್' ಎಂದರು. ಅದೇ ಹೆಸರಿನ ಹಳದಿ ಹಕ್ಕಿಯೊಂದನ್ನು ರೋಗಿ ದಿಟ್ಟಿಸಿ ನೋಡಿದರೆ ರೋಗ ವಾಸಿಯಾಗಿ ಹಕ್ಕಿ ಸಾಯುತ್ತದೆ ಎಂಬ ನಂಬಿಕೆಯನ್ನು ರೋಮಿನ ಪ್ಲಿನಿ ದಾಖಲಿಸಿದ್ದಾನೆ. ಇಂಗ್ಲಿಷಿನ 'ಜಾಂಡಿಸ್' ಹಳದಿ ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು. ವಿಷಾದವನ್ನು ಸೂಚಿಸುವ 'ಮೆಲಾಂಕಲಿ' ಕಪ್ಪು ಪಿತ್ತವೆಂಬ ಕಲ್ಪನೆಯಿಂದ ಹುಟ್ಟಿದ್ದು. ಸಾಹಿತ್ಯ ಓದಿದ ನಮಗೆ ಪಿತ್ತವು ಮೊದಲು ಪರಿಚಯವಾದದ್ದು ಶೇಕ್ಸ್‌ಪಿಯರನ ಪಾತ್ರಗಳ ಸ್ವಭಾವವಾಗಿ. ದೇಹದೊಳಗಿನ ದ್ರವವಾಗಿ ಪರಿಚಯವಾದದ್ದು ತೀರ ತಡವಾಗಿ.

ಆದರೆ ನಮ್ಮ ಚರಕಸಂಹಿತೆಯ ಒಂದು ಅವಲೋಕನ ಈ ಚರಿತ್ರೆಯಲ್ಲಿ ನಿಲ್ಲಿಸಿ ಓದಬೇಕಾದಂಥದು. ಪಾಂಡುರೋಗದ ಚಿಕಿತ್ಸೆಯನ್ನು ಹೇಳುವ ಅಧ್ಯಾಯದಲ್ಲಿ ಚರಕನು ಕಾಮಾಲೆಯ ಎರಡು ಬಗೆಗಳನ್ನು ಬೇರ್ಪಡಿಸುತ್ತಾನೆ. ಅವುಗಳಲ್ಲಿ ಒಂದರಲ್ಲಿ ರೋಗಿಯ ಮಲವು ಅರೆದ ಎಳ್ಳಿನ ಹಿಟ್ಟಿನಂತೆ ಇರುತ್ತದೆ ಎಂದೂ, ಅಲ್ಲಿ ಪಿತ್ತದ ದಾರಿಯು ಕಫದಿಂದ ತಡೆಯಲ್ಪಟ್ಟಿದೆ ಎಂದೂ ಹೇಳುತ್ತಾನೆ. ಕಫದ ಮಾತನ್ನು ಇಂದಿನ ವೈದ್ಯ ಒಪ್ಪಲಾರ. ದಾರಿ ಕಟ್ಟಿದೆ ಎಂಬ ತರ್ಕವನ್ನೂ, ಅದರ ಸಾಕ್ಷಿ ಮಲದ ಬಣ್ಣದಲ್ಲಿದೆ ಎಂಬ ನೋಟವನ್ನೂ ಒಪ್ಪದೆ ಇರಲಾರ. ಚರಕ ಇಲ್ಲಿ ಹಸುಗೂಸುಗಳನ್ನು ಕುರಿತು ಮಾತನಾಡುತ್ತಿಲ್ಲ. ಹಾಗೆ ಹಿಗ್ಗಿಸಿ ಹೆಮ್ಮೆಪಡುವ ಅಗತ್ಯವೂ ನಮಗಿಲ್ಲ. ಎಲ್ಲ ಕಾಮಾಲೆಯೂ ಒಂದೇ ಅಲ್ಲ, ಬೇರ್ಪಡಿಸಲು ಬಟ್ಟೆಯ ಮೇಲಿನ ಕಲೆಯನ್ನು ನೋಡಬೇಕು ಎಂಬ ತಿಳಿವು ಪುರಾತನವಾದದ್ದು ಎಂಬುದಷ್ಟೇ ಇಲ್ಲಿ ಮುಖ್ಯ.

ಶವಾಗಾರದಿಂದ ತೊಟ್ಟಿಲ ಕಡೆಗೆ

ಹುಟ್ಟುದೋಷಗಳ ಆಧುನಿಕ ದಾಖಲೆ ಆರಂಭವಾಗುವುದು ಶವಪರೀಕ್ಷೆಯ ಮೇಜಿನ ಮೇಲೆ. ಪಿತ್ತನಾಳ ಚೀಲದಂತೆ ಹಿಗ್ಗಿರುವುದನ್ನು 1723ರಲ್ಲಿಯೇ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಅಬ್ರಹಾಂ ವಾಟರ್ ವರ್ಣಿಸಿದ್ದ. ಜೀವಂತ ರೋಗಿಯಲ್ಲಿ ಅದರ ಲಕ್ಷಣಗಳನ್ನು ಕ್ರಮವಾಗಿ ಬರೆದಿಡಲು ಮತ್ತೆ 129 ವರ್ಷ ಬೇಕಾಯಿತು. 1852ರಲ್ಲಿ ಎಡಿನ್‌ಬರೋದ ವೈದ್ಯ ಡಗ್ಲಸ್ 17 ವರ್ಷದ ಹುಡುಗಿಯೊಬ್ಬಳ ಕಾಮಾಲೆ, ಜ್ವರ ಮತ್ತು ಹೊಟ್ಟೆಯ ಗಡ್ಡೆಯನ್ನು ವಿವರಿಸಿದ. ಮುಂದೆ ನೋವು, ಗಡ್ಡೆ, ಕಾಮಾಲೆ ಎಂಬ ಮೂರು ಲಕ್ಷಣಗಳು ಈ ರೋಗದ ಗುರುತಾಗಿ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದವು. ಮೂರೂ ಒಟ್ಟಿಗೆ ಕಾಣುವ ರೋಗಿಗಳು ಕಡಿಮೆ ಎಂಬುದು ಅನುಭವದಿಂದ ಆಮೇಲೆ ತಿಳಿಯಿತು.

ನಾಳವೇ ಮುಚ್ಚಿಹೋಗುವ ರೋಗದ ಪ್ರಸ್ತಾಪ ಗ್ಲಾಸ್ಗೋದ ಜಾನ್ ಬರ್ನ್ಸ್ ಎಂಬವನ ಪ್ರಸೂತಿಶಾಸ್ತ್ರದ ಗ್ರಂಥದಲ್ಲಿ, 1817ರಷ್ಟು ಹಿಂದೆಯೇ ದೊರೆಯುತ್ತದೆ. ಶಿಶುವಿನ ಕಾಮಾಲೆ ಬಿಡದೆ ಮುಂದುವರಿದು ಮಲ ಬಿಳಿಯಾಗಿದ್ದರೆ ಪಿತ್ತಾಂಗಗಳಲ್ಲಿ ಗುಣಪಡಿಸಲಾಗದ ದೋಷವಿದೆಯೆಂದು ತಿಳಿಯಬೇಕು ಎಂಬುದು ಅವನ ಮಾತಿನ ಸಾರ. ಅಂದರೆ ರೋಗದ ಗುರುತು ಆಗಲೇ ಸರಿಯಾಗಿತ್ತು. ಆ ಗುರುತಿನ ಪಕ್ಕದಲ್ಲಿಯೇ 'ಗುಣಪಡಿಸಲಾಗದ' ಎಂಬ ವಿಶೇಷಣವೂ ಕುಳಿತಿತ್ತು. 1890ರ ದಶಕದ ಆರಂಭದಲ್ಲಿ ಎಡಿನ್‌ಬರೋದ ಮಕ್ಕಳ ವೈದ್ಯ ಜಾನ್ ಥಾಮ್ಸನ್ ಅದುವರೆಗೆ ವರದಿಯಾದ ಸುಮಾರು 50 ಪ್ರಕರಣಗಳನ್ನು ಒಟ್ಟುಗೂಡಿಸಿ ಒಂದು ವಿಸ್ತೃತ ಅಧ್ಯಯನವನ್ನೇ ಪ್ರಕಟಿಸಿದ. ಅಲ್ಲೊಂದು ಇಲ್ಲೊಂದು ವಿಚಿತ್ರವೆಂದು ಕಾಣುತ್ತಿದ್ದ ಸಾವುಗಳು ಒಂದು ರೋಗದ ಹೆಸರಿನಡಿ ಬಂದು ನಿಂತದ್ದು ಹಾಗೆ. ಆದರೂ ಗುರುತು ಹಿಡಿದು ಮಾಡುವುದೇನು ಎಂಬ ಪ್ರಶ್ನೆಗೆ ಥಾಮ್ಸನ್ ಬಳಿಯೂ ಉತ್ತರವಿರಲಿಲ್ಲ. ಚಿಕಿತ್ಸೆಯಿಲ್ಲದ ಕಾಲದಲ್ಲಿ ರೋಗನಿರ್ಣಯವೆಂದರೆ ತಂದೆತಾಯಿಗೆ ಸಾವಿನ ಸುದ್ದಿಯನ್ನು ತುಸು ಮುಂಚೆ ತಿಳಿಸುವುದಷ್ಟೇ ಆಗಿತ್ತು.

ಎರಡು ಹಳದಿಗಳು

ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ವಾರದಲ್ಲಿ ಹಳದಿಯಾಗುತ್ತಾರೆ. ಅವರಲ್ಲಿ ಹೆಚ್ಚಿನವರ ಹಳದಿ ತಾನಾಗಿಯೇ ಇಳಿಯುತ್ತದೆ. ಸಾವಿರಾರು ನಿರುಪದ್ರವಿ ಹಳದಿಗಳ ನಡುವೆ ಒಂದು ಅಪಾಯದ ಹಳದಿಯನ್ನು ಹೆಕ್ಕುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ರಸಾಯನಶಾಸ್ತ್ರದವರು. ಪಾಲ್ ಏರ್ಲಿಷ್ 1883ರಲ್ಲಿ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯಕ್ಕೆ ಡಯಾಜೋ ಎಂಬ ಕಾರಕವನ್ನು ಬೆರೆಸಿದಾಗ ಬಣ್ಣ ಬದಲಾಗುವುದನ್ನು ಕಂಡ. 1910ರ ದಶಕದಲ್ಲಿ ನೆದರ್ಲೆಂಡ್ಸಿನ ಹೈಮಾನ್ಸ್ ವಾನ್ ಡೆನ್ ಬರ್ಗ್ ಅದನ್ನು ರಕ್ತಪರೀಕ್ಷೆಯಾಗಿ ಬೆಳೆಸುವಾಗ ಒಂದು ವಿಶೇಷವನ್ನು ಗಮನಿಸಿದ. ಕೆಲವು ರೋಗಿಗಳ ರಕ್ತದಲ್ಲಿ ಬಣ್ಣ ನೇರವಾಗಿ ಮೂಡುತ್ತದೆ, ಇನ್ನು ಕೆಲವರಲ್ಲಿ ಆಲ್ಕೋಹಾಲ್ ಬೆರೆಸಿದ ಮೇಲೆಯೇ ಮೂಡುತ್ತದೆ. ಮೊದಲನೆಯದನ್ನು 'ಡೈರೆಕ್ಟ್' ಎಂದೂ ಎರಡನೆಯದನ್ನು 'ಇಂಡೈರೆಕ್ಟ್' ಎಂದೂ ಕರೆದರು. ಇಂದಿಗೂ ಪ್ರಯೋಗಾಲಯದ ಚೀಟಿಯಲ್ಲಿ ನಾವು ಓದುವ ಆ ಎರಡು ಸಾಲುಗಳ ಮೂಲ ಇಲ್ಲಿದೆ.

ಈ ವ್ಯತ್ಯಾಸದ ಕಾರಣ ತಿಳಿಯಲು 1956ರವರೆಗೆ ಕಾಯಬೇಕಾಯಿತು. ಯಕೃತ್ತು ಬಿಲಿರುಬಿನ್ನಿಗೆ ಸಕ್ಕರೆಯ ಜಾತಿಯ ಒಂದು ಆಮ್ಲವನ್ನು ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ; ಹಾಗೆ ಸಂಸ್ಕಾರಗೊಂಡದ್ದೇ 'ಡೈರೆಕ್ಟ್' ಎಂದು ಹಲವು ದೇಶಗಳ ಸಂಶೋಧಕರು ಹೆಚ್ಚುಕಡಿಮೆ ಏಕಕಾಲಕ್ಕೆ ತೋರಿಸಿಕೊಟ್ಟರು. ಎಳೆಗೂಸಿನ ಸಾಮಾನ್ಯ ಕಾಮಾಲೆಯಲ್ಲಿ ಏರುವುದು ಸಂಸ್ಕಾರಗೊಳ್ಳದ ಬಿಲಿರುಬಿನ್. ಯಕೃತ್ತು ಇನ್ನೂ ಕೆಲಸ ಕಲಿಯುತ್ತಿದೆ ಎಂಬುದೇ ಅದರ ಅರ್ಥ. ಡೈರೆಕ್ಟ್ ಬಿಲಿರುಬಿನ್ ಏರಿದ್ದರೆ ಯಕೃತ್ತು ತನ್ನ ಕೆಲಸವನ್ನು ಮಾಡಿದೆ, ಮಾಡಿದ್ದನ್ನು ಹೊರಗೆ ಕಳುಹಿಸಲು ದಾರಿಯಿಲ್ಲ ಎಂದಾಗುತ್ತದೆ. ಇದು ಯಾವ ವಯಸ್ಸಿನಲ್ಲಿಯೂ ಸಹಜವಲ್ಲ.

ಇದೇ ಹೊತ್ತಿಗೆ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ದಾದಿಯೊಬ್ಬರು ಹಳದಿ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಚರ್ಮ ತಿಳಿಯಾಗುವುದನ್ನು ಅವರು ವೈದ್ಯರಿಗೆ ತೋರಿಸಿದರು. ಅದರಿಂದ ಬೆಳೆದ ಬೆಳಕಿನ ಚಿಕಿತ್ಸೆಯನ್ನು ಕ್ರೆಮರ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದರು. ನಮ್ಮ ಅಜ್ಜಿಯರು ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ಪದ್ಧತಿಗೂ ಇದಕ್ಕೂ ಸಾಮ್ಯ ಕಂಡು ನಾವು ಸಂತೋಷಪಡಬಹುದು. ಆದರೆ ಬೆಳಕು ಕರಗಿಸುವುದು ಸಂಸ್ಕಾರಗೊಳ್ಳದ ಬಿಲಿರುಬಿನ್ನನ್ನು ಮಾತ್ರ. ನಾಳ ಮುಚ್ಚಿದ ಮಗುವನ್ನು ಎಷ್ಟು ದಿನ ಬಿಸಿಲಿಗೆ ಹಿಡಿದರೂ ದಿನಗಳು ಕಳೆಯುತ್ತವೆಯೇ ಹೊರತು ಹಳದಿ ಕಳೆಯುವುದಿಲ್ಲ.

ಕಾಯುವುದೇ ವಿವೇಕವೆಂದ ಕಾಲ

1916ರಲ್ಲಿ ಅಮೆರಿಕದ ಹೋಮ್ಸ್ ಎಂಬ ವೈದ್ಯ ನೂರಕ್ಕೂ ಹೆಚ್ಚು ಶವಪರೀಕ್ಷೆಗಳ ವರದಿಗಳನ್ನು ಪರಿಶೀಲಿಸಿ, ಇವುಗಳಲ್ಲಿ ಸುಮಾರು ಶೇ. 16ರಷ್ಟು ಮಕ್ಕಳಲ್ಲಿ ಕರುಳಿಗೆ ಹೊಲಿಯಬಹುದಾದಷ್ಟು ನಾಳ ಉಳಿದಿತ್ತು ಎಂದು ಲೆಕ್ಕ ಹಾಕಿದ. ಸರಿಪಡಿಸಬಲ್ಲದ್ದು, ಸರಿಪಡಿಸಲಾಗದ್ದು ಎಂಬ ವಿಭಜನೆ ಅಲ್ಲಿಂದ ಆರಂಭವಾಯಿತು. 1928ರಲ್ಲಿ ಬಾಸ್ಟನ್ನಿನ ವಿಲಿಯಂ ಲ್ಯಾಡ್ ಅಂತಹ ಕೆಲವು ಮಕ್ಕಳನ್ನು ಶಸ್ತ್ರಕ್ರಿಯೆಯಿಂದ ಉಳಿಸಿದ ವರದಿ ಪ್ರಕಟಿಸಿದ. 1931ರಲ್ಲಿ ಅರ್ಜೆಂಟೀನಾದ ಮಿರಿಝ್ಝಿ ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಪಿತ್ತನಾಳಕ್ಕೆ ಬಣ್ಣದ್ರವ್ಯ ಹಾಯಿಸಿ ಎಕ್ಸ್‌ರೇ ತೆಗೆಯುವ ವಿಧಾನವನ್ನು ರೂಪಿಸಿದ. ನಾಳ ತೆರೆದಿದೆಯೇ ಮುಚ್ಚಿದೆಯೇ ಎಂಬ ಪ್ರಶ್ನೆಗೆ ಇಂದಿಗೂ ಅಂತಿಮ ತೀರ್ಪು ನೀಡುವುದು ಆ ಪರೀಕ್ಷೆಯೇ.

ಆದರೆ ಪರೀಕ್ಷಿಸಲು ಹೊಟ್ಟೆ ಕೊಯ್ಯಬೇಕು. ಶಿಶುವಿಗೆ ಅರಿವಳಿಕೆ ಕೊಡುವುದೇ ಅಪಾಯವೆನಿಸಿದ್ದ ಕಾಲವದು. ಇದರ ಜೊತೆಗೆ ಇನ್ನೊಂದು ತೊಡಕು: ನಾಳ ಮುಚ್ಚಿದ ಮಗುವಿನಂತೆಯೇ ಕಾಣುವ, ಆದರೆ ನಿಜದಲ್ಲಿ ಯಕೃತ್ತಿನ ಉರಿಯೂತವಷ್ಟೇ ಇರುವ ಮಕ್ಕಳೂ ಇದ್ದರು. ಅವರಲ್ಲಿ ಹಲವರು ತಾವಾಗಿಯೇ ಚೇತರಿಸಿಕೊಳ್ಳುತ್ತಿದ್ದರು. ಅಂಥವರ ಹೊಟ್ಟೆ ಕೊಯ್ದರೆ ಹಾನಿಯೇ ಹೆಚ್ಚು. ಕೊಯ್ದು ನೋಡಿದ ಹೆಚ್ಚಿನ ಮಕ್ಕಳಲ್ಲಿ ಹೊಲಿಯಲು ನಾಳವೇ ಸಿಗುತ್ತಿರಲಿಲ್ಲ. ಆದುದರಿಂದ ಕಾಯುವುದೇ ಲೇಸು ಎಂಬ ಅಭಿಪ್ರಾಯ ಬಲವಾಯಿತು. 1968ರಲ್ಲಿ ಥೇಲರ್ ಮತ್ತು ಗೆಲ್ಲಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯರು ತಮ್ಮ ದೀರ್ಘ ಅನುಭವದ ಆಧಾರದ ಮೇಲೆ, ಮಗುವಿಗೆ ನಾಲ್ಕು ತಿಂಗಳಾಗುವವರೆಗೆ ಶಸ್ತ್ರಕ್ರಿಯೆಯನ್ನು ಮುಂದೂಡುವಂತೆ ಸಲಹೆ ನೀಡಿದರು. ಅವರನ್ನು ನಾವು ಇಂದು ದೂರುವುದು ಸುಲಭ. ಅವರ ಕಣ್ಣೆದುರಿಗಿದ್ದ ಪುರಾವೆಯನ್ನು ನೋಡಿದರೆ ಅದು ಅವಿವೇಕವಾಗಿರಲಿಲ್ಲ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಆ ಹೊತ್ತಿಗಾಗಲೇ ಜಪಾನೀ ಭಾಷೆಯಲ್ಲಿ ಅಚ್ಚಾಗಿತ್ತು.

ಸೆಂಡೈ ನಗರದಿಂದ ಬಂದ ಉತ್ತರ

ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಮೊರಿಯೊ ಕಸಾಯ್ ಎಂಬ ಯುವ ಶಸ್ತ್ರವೈದ್ಯರಿದ್ದರು. ಹಿಂದಿ ಬಲ್ಲ ಊರುಗಳಲ್ಲಿರುವ ನಮ್ಮ ಓದುಗರಿಗೆ ಈ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಕಸಿವಿಸಿಯಾದರೆ ಆಶ್ಚರ್ಯವಿಲ್ಲ. ಆದರೆ ಇದು ಸಾವಿರಾರು ಮಕ್ಕಳನ್ನು ಉಳಿಸಿದ ಹೆಸರು. 1955ರಲ್ಲಿ ಅವರು ಇಂತಹುದೇ ಶಿಶುವೊಂದರ ಶಸ್ತ್ರಕ್ರಿಯೆಗೆ ನಿಂತಾಗ ಹೊಲಿಯಲು ನಾಳ ಸಿಗಲಿಲ್ಲ. ಯಕೃತ್ತಿನ ಬುಡದಲ್ಲಿ ರಕ್ತ ಒಸರುತ್ತಿತ್ತು. ಅದನ್ನು ತಡೆಯಲೆಂದು ಅವರು ಕರುಳನ್ನೇ ಆ ಜಾಗಕ್ಕೆ ಅಂಟಿಸಿ ಹೊಲಿದರೆಂದೂ, ಕೆಲವು ದಿನಗಳ ಮೇಲೆ ಮಗುವಿನ ಮಲಕ್ಕೆ ಬಣ್ಣ ಬಂದಿತೆಂದೂ ಮಕ್ಕಳ ಶಸ್ತ್ರವೈದ್ಯರ ವಲಯದಲ್ಲಿ ಹೇಳಿಕೊಂಡು ಬಂದ ಕಥೆಯಿದೆ. ಆಕಸ್ಮಿಕವನ್ನು ಅಷ್ಟಕ್ಕೇ ಬಿಡದೆ ಅದರ ಕಾರಣವನ್ನು ಹುಡುಕಿದ್ದು ಕಸಾಯ್ ಅವರ ಹಿರಿಮೆ. ಮುಚ್ಚಿದ ನಾಳದ ಬುಡದ ನಾರಿನಂತಹ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ, ಬರಿಗಣ್ಣಿಗೆ ಕಾಣದ ಎಳೆಯಂತಹ ನಾಳಗಳು ಅಲ್ಲಿ ಇನ್ನೂ ತೆರೆದಿರುವುದು ಕಂಡಿತು. ಆ ನಾರನ್ನು ಕತ್ತರಿಸಿ ತೆಗೆದು ಕರುಳಿನ ಒಂದು ಕುಣಿಕೆಯನ್ನು ಅಲ್ಲಿಗೆ ಜೋಡಿಸಿದರೆ ಪಿತ್ತ ತಾನೇ ದಾರಿ ಮಾಡಿಕೊಂಡು ಒಸರುತ್ತದೆ.

ಅವರು 1959ರಲ್ಲಿ ಇದನ್ನು ಜಪಾನೀ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಬಂದದ್ದು 1968ರಲ್ಲಿ, ಅಂದರೆ ನಾಲ್ಕು ತಿಂಗಳು ಕಾಯಿರಿ ಎಂಬ ಸಲಹೆ ಅಚ್ಚಾದ ಅದೇ ವರ್ಷ. ಒಂಬತ್ತು ವರ್ಷಗಳ ಕಾಲ ಒಂದು ಜ್ಞಾನ ಒಂದು ಭಾಷೆಯೊಳಗೇ ಉಳಿಯಿತು. ತಾಯ್ನುಡಿಯ ನೆಲದಿಂದ ದೂರವಿದ್ದು ಬರೆಯುವ, ಓದುವ ನಮ್ಮಂಥವರಿಗೆ ಭಾಷಾಂತರದ ಬೆಲೆ ಏನೆಂದು ಹೇಳಬೇಕಾಗಿಲ್ಲ. ಇಲ್ಲಿ ಅದನ್ನು ಮಕ್ಕಳ ಆಯುಸ್ಸಿನಲ್ಲಿ ಅಳೆಯಬಹುದು. ಪ್ರಕಟವಾದ ಮೇಲೂ ಪಶ್ಚಿಮದ ಶಸ್ತ್ರವೈದ್ಯರು ತಕ್ಷಣ ನಂಬಲಿಲ್ಲ. 1970ರ ದಶಕದಲ್ಲಿ ಒಬ್ಬೊಬ್ಬರಾಗಿ ಮಾಡಿ ನೋಡಿ, ಫಲ ಕಂಡು ಒಪ್ಪಿಕೊಂಡರು.

ಕಸಾಯ್ ಅವರ ಸೂಕ್ಷ್ಮದರ್ಶಕ ಮತ್ತೊಂದು ಕಠಿಣ ಸತ್ಯವನ್ನೂ ತಿಳಿಸಿತ್ತು. ಆ ಎಳೆನಾಳಗಳು ವಾರದಿಂದ ವಾರಕ್ಕೆ ಕಡಿಮೆಯಾಗುತ್ತ ಹೋಗುತ್ತವೆ. ಸುಮಾರು 60 ದಿನಗಳೊಳಗೆ ಶಸ್ತ್ರಕ್ರಿಯೆಯಾದರೆ ಹೆಚ್ಚಿನ ಮಕ್ಕಳಲ್ಲಿ ಪಿತ್ತ ಹರಿಯತೊಡಗುತ್ತದೆ. ಮೂರು ತಿಂಗಳು ದಾಟಿದ ಮೇಲೆ ಆ ಸಂಭವ ಬಹಳವಾಗಿ ಕುಗ್ಗುತ್ತದೆ. ಹೀಗೆ ರೋಗನಿರ್ಣಯದ ಚರಿತ್ರೆಗೆ ಮೊದಲ ಬಾರಿಗೆ ಒಂದು ಗಡುವು ಬಂದಿತು. ಅದುವರೆಗೆ ಇದು ಯಾವ ರೋಗ ಎಂದು ಕೇಳಿದರೆ ಸಾಕಾಗಿತ್ತು. ಇನ್ನು ಮುಂದೆ ಎಷ್ಟನೆಯ ದಿನ ಎಂದೂ ಕೇಳಬೇಕಾಯಿತು.

ಯಂತ್ರಗಳು ತೋರಿಸಿದ್ದು

ಆನಂತರದ ದಶಕಗಳಲ್ಲಿ ಹೊಟ್ಟೆ ಕೊಯ್ಯದೆ ಒಳಗೆ ನೋಡುವ ಉಪಾಯಗಳು ಸಾಲಾಗಿ ಬಂದವು. ಇಟಲಿಯ ಮೆಂಗಿನಿ 1958ರಲ್ಲಿ ಯಕೃತ್ತಿನ ಚೂರೊಂದನ್ನು ಕ್ಷಣಮಾತ್ರದಲ್ಲಿ ಸೂಜಿಯಿಂದ ತೆಗೆಯುವ ವಿಧಾನವನ್ನು ವಿವರಿಸಿದ. 1970ರ ದಶಕದಲ್ಲಿ, ಯಕೃತ್ತು ಹೀರಿ ಪಿತ್ತದೊಡನೆ ಹೊರಬಿಡುವ ವಿಕಿರಣಶೀಲ ದ್ರವ್ಯಗಳು ಬಂದವು. ಅದು ಕರುಳಿನಲ್ಲಿ ಕಾಣಿಸಿಕೊಂಡರೆ ದಾರಿ ತೆರೆದಿದೆಯೆಂದು ಧೈರ್ಯ ತಾಳಬಹುದು. 1996ರಲ್ಲಿ ಕೊರಿಯಾದ ವೈದ್ಯರು ಅಲ್ಟ್ರಾಸೌಂಡಿನಲ್ಲಿ ಯಕೃತ್ತಿನ ಬುಡದ ಆ ನಾರಿನ ಗಂಟು ತ್ರಿಕೋನಾಕಾರವಾಗಿ ಕಾಣುವುದನ್ನು ಗುರುತಿಸಿದರು. ಇತ್ತೀಚೆಗೆ ಎಂಎಂಪಿ-7 ಎಂಬ ಪ್ರೋಟೀನನ್ನು ರಕ್ತದಲ್ಲಿ ಅಳೆದು ರೋಗವನ್ನು ಪತ್ತೆಹಚ್ಚುವ ಪರೀಕ್ಷೆ ಭರವಸೆ ಮೂಡಿಸಿದೆ.

ಚೀಲದ ರೋಗಕ್ಕಂತೂ ಚಿತ್ರವೇ ಸರ್ವಸ್ವ. 1959ರಲ್ಲಿ ಅಲೊನ್ಸೊ-ಲೆಹ್ ಮತ್ತು ಸಂಗಡಿಗರು 96 ಪ್ರಕರಣಗಳನ್ನು ಪರಿಶೀಲಿಸಿ ಮೂರು ಬಗೆಗಳನ್ನು ಹೇಳಿದರೆ, 1977ರಲ್ಲಿ ಜಪಾನಿನ ತೊದಾನಿ ಅವುಗಳನ್ನು ಐದಕ್ಕೆ ವಿಸ್ತರಿಸಿದರು. 1969ರಲ್ಲಿ ಬ್ಯಾಬಿಟ್ ಎಂಬವರು ಇದಕ್ಕೆ ಕಾರಣವನ್ನೂ ಸೂಚಿಸಿದರು: ಮೇದೋಜೀರಕ ಗ್ರಂಥಿಯ ನಾಳವೂ ಪಿತ್ತನಾಳವೂ ಸೇರಬೇಕಾದ ಜಾಗಕ್ಕಿಂತ ಮೊದಲೇ ಸೇರಿದರೆ, ಜೀರ್ಣರಸ ಹಿಮ್ಮುಖವಾಗಿ ಹರಿದು ನಾಳದ ಗೋಡೆಯನ್ನು ಸವೆಸುತ್ತದೆ. ಚೀಲವನ್ನು ಹಾಗೆಯೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗುವ ಸಂಭವವಿದೆ ಎಂಬುದು ಸ್ಪಷ್ಟವಾದ ಮೇಲೆ, ಅದನ್ನು ಕರುಳಿಗೆ ಜೋಡಿಸುವ ಹಳೆಯ ಪದ್ಧತಿ ಹೋಗಿ ಪೂರ್ತಿ ತೆಗೆದುಹಾಕುವ ಪದ್ಧತಿ ಬಂದಿತು. ಇಂದು ಎಂಆರ್‌ಐ ಯಂತ್ರ ಸೂಜಿಯ ಹಂಗಿಲ್ಲದೆ ಇಡೀ ಪಿತ್ತವೃಕ್ಷವನ್ನು ಚಿತ್ರಿಸುತ್ತದೆ. ಕೆಲವು ಚೀಲಗಳು ಬಸಿರಿನ ಅಲ್ಟ್ರಾಸೌಂಡಿನಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಈ ನಡುವೆ 'ಹುಟ್ಟಿನಿಂದ ಬಂದದ್ದು' ಎಂಬ ಮಾತಿಗೇ ಪ್ರಶ್ನೆ ಎದ್ದಿತು. ಎಷ್ಟೋ ಮಕ್ಕಳ ಮಲ ಮೊದಲ ದಿನಗಳಲ್ಲಿ ಬಣ್ಣದ್ದೇ ಆಗಿದ್ದು ಆಮೇಲೆ ಬಿಳಿಚಿಕೊಳ್ಳುತ್ತದೆ. ನಾಳವು ಹುಟ್ಟಿದ ಮೇಲೆ ಮುಚ್ಚುವುದಾದರೆ ಇದು ಹುಟ್ಟುದೋಷ ಹೇಗಾದೀತು? ಯಕೃತ್ತಿನ ಉರಿಯೂತ, ನಾಳದ ಮುಚ್ಚುವಿಕೆ, ಚೀಲ ಇವೆಲ್ಲ ಒಂದೇ ಉರಿಯೂತದ ಭಿನ್ನ ಪರಿಣಾಮಗಳಿರಬಹುದು ಎಂದು 1974ರಲ್ಲಿ ಲ್ಯಾಂಡಿಂಗ್ ಎಂಬ ರೋಗಶಾಸ್ತ್ರಜ್ಞ ವಾದಿಸಿದರು. ಆದರೆ ಅಮೆರಿಕದ ಟೆಕ್ಸಾಸಿನ ಸಂಶೋಧಕರು 2011ರಲ್ಲಿ ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ, ಮುಂದೆ ಈ ರೋಗ ಪತ್ತೆಯಾದ ಮಕ್ಕಳ ಡೈರೆಕ್ಟ್ ಬಿಲಿರುಬಿನ್ ಹುಟ್ಟಿದ ಒಂದೆರಡು ದಿನಗಳಲ್ಲಿಯೇ ಏರಿದ್ದದ್ದು ಕಂಡಿತು. ಥಾಮ್ಸನ್ ಕಾಲದ ಹೆಸರು, ನಡುವೆ ಸಂಶಯಕ್ಕೆ ಸಿಕ್ಕಿ, ಬೇರೊಂದು ಬಾಗಿಲಿನಿಂದ ಮರಳಿ ಬಂದಂತಾಯಿತು. ಅದೇ ತಂಡ 2015ರಿಂದ 2018ರವರೆಗೆ 14 ಆಸ್ಪತ್ರೆಗಳ 1,20,000ಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಈ ದೃಷ್ಟಿಯಿಂದ ಪರೀಕ್ಷಿಸಿ ಏಳು ಮಕ್ಕಳನ್ನು ಪತ್ತೆಹಚ್ಚಿತು. ಶಸ್ತ್ರಕ್ರಿಯೆಯ ಸರಾಸರಿ ವಯಸ್ಸು 56 ದಿನಗಳಿಂದ 36ಕ್ಕೆ ಇಳಿಯಿತು.

ಬಣ್ಣದ ಕಾರ್ಡು

ಎಲ್ಲ ಆಸ್ಪತ್ರೆಗಳಲ್ಲಿಯೂ ಎಲ್ಲ ಮಕ್ಕಳ ರಕ್ತ ಪರೀಕ್ಷಿಸುವುದು ಸುಲಭವಲ್ಲ. ಬಟ್ಟೆಯ ಮೇಲಿನ ಬಣ್ಣವನ್ನಾದರೋ ತಾಯಿ ದಿನಕ್ಕೆ ಹಲವು ಬಾರಿ ನೋಡುತ್ತಾಳೆ. ತೊಡಕಿರುವುದು ಆ ಬಣ್ಣವನ್ನು ಮಾತಿನಲ್ಲಿ ಹೇಳುವುದರಲ್ಲಿ. ಇಂಗ್ಲಿಷ್ ಪಠ್ಯಗಳು ಜೇಡಿಮಣ್ಣಿನ ಬಣ್ಣ ಎನ್ನುತ್ತವೆ. ಕೋಲಾರದ ಕೆಂಪು ನೆಲದವರಿಗೂ ಧಾರವಾಡದ ಎರೆಭೂಮಿಯವರಿಗೂ ಆ ಹೋಲಿಕೆಯಿಂದ ಮೂಡುವ ಚಿತ್ರ ಬೇರೆಯೇ. ಬಿಳಿ ಎಂದರೆ ಸುಣ್ಣದ ಬಿಳಿ ಎಂದುಕೊಂಡ ತಾಯಿ ತಿಳಿಹಳದಿಯನ್ನು ಸಹಜವೆಂದು ಬಿಟ್ಟಾಳು. ಅರೆದ ಎಳ್ಳು ಎಂದ ಚರಕನ ಉಪಮೆ ನಮ್ಮ ಅಡುಗೆಮನೆಗೆ ಹೆಚ್ಚು ಹತ್ತಿರ. ಆದರೂ ಉಪಮೆ ಉಪಮೆಯೇ.

1994ರಲ್ಲಿ ಜಪಾನಿನ ತೊಚಿಗಿ ಪ್ರಾಂತದಲ್ಲಿ ಮತ್ಸುಯಿ ಎಂಬ ವೈದ್ಯರು ಮಾತನ್ನು ಬದಿಗಿಟ್ಟು ಬಣ್ಣವನ್ನೇ ಅಚ್ಚುಹಾಕಿಸಿದರು. ಸಹಜ ಮತ್ತು ಅಸಹಜ ಬಣ್ಣಗಳ ಮಾದರಿಗಳಿದ್ದ ಕಾರ್ಡನ್ನು ತಾಯಂದಿರಿಗೆ ಕೊಟ್ಟು, ಒಂದು ತಿಂಗಳ ತಪಾಸಣೆಯ ವೇಳೆಗೆ ಹೋಲಿಸಿ ಹೇಳುವಂತೆ ಕೇಳಿದರು. ತೈವಾನ್ ಇದನ್ನು 2002ರಲ್ಲಿ ಪ್ರಾಯೋಗಿಕವಾಗಿಯೂ 2004ರಲ್ಲಿ ಇಡೀ ದೇಶಕ್ಕೂ ಜಾರಿಗೆ ತಂದು, ಪ್ರತಿ ಮಗುವಿನ ಆರೋಗ್ಯ ಪುಸ್ತಿಕೆಯೊಳಗೆ ಸೇರಿಸಿತು. 60 ದಿನಗಳೊಳಗೆ ಕಾರ್ಡಿನ ಮೂಲಕ ಪತ್ತೆಯಾದವರ ಪ್ರಮಾಣ 2004ರಲ್ಲಿ ಶೇ. 72.5 ಇದ್ದದ್ದು ಮರುವರ್ಷವೇ ಶೇ. 97.1ಕ್ಕೆ ಏರಿತು. ಆ ಗಡುವಿನೊಳಗೆ ಶಸ್ತ್ರಕ್ರಿಯೆಯಾದವರು ಶೇ. 60ರಿಂದ ಶೇ. 74.3ಕ್ಕೆ ಏರಿದರು. ಬ್ರಿಟನ್ನಿನಲ್ಲಿ 1993ರಿಂದ 'ಯೆಲ್ಲೋ ಅಲರ್ಟ್' ಎಂಬ ಪ್ರಚಾರ ನಡೆಯಿತು. 1999ರಲ್ಲಿ ಅಲ್ಲಿ ಈ ಶಸ್ತ್ರಕ್ರಿಯೆಯನ್ನು ಲಂಡನ್, ಬರ್ಮಿಂಗ್‌ಹ್ಯಾಮ್ ಮತ್ತು ಲೀಡ್ಸ್‌ನ ಮೂರು ಕೇಂದ್ರಗಳಿಗೆ ಸೀಮಿತಗೊಳಿಸಿದರು. ಇನ್ನೂರು ವರ್ಷಗಳ ಈ ಕಥೆಯಲ್ಲಿ ಅಗ್ಗದ ಉಪಕರಣವೆಂದರೆ ಈ ಕಾಗದದ ಚೂರು.

ನಮ್ಮ ಮನೆಗಳಲ್ಲಿ

ಭಾರತದ ಮಟ್ಟಿಗೆ ದೊಡ್ಡ ಶಸ್ತ್ರಕ್ರಿಯೆಗಳ ಚರಿತ್ರೆ ಹೆಮ್ಮೆಪಡುವಂಥದು. 1994ರ ಮಾನವ ಅಂಗಾಂಗ ಕಸಿ ಕಾಯಿದೆ ದಾರಿ ತೆರೆದ ಬಳಿಕ, 1998ರ ನವೆಂಬರಿನಲ್ಲಿ ದೆಹಲಿಯಲ್ಲಿ ಈ ದೇಶದ ಮಕ್ಕಳ ಮೊದಲ ಯಶಸ್ವಿ ಯಕೃತ್ ಕಸಿ ನಡೆಯಿತು. ರೋಗಿ ಕಾಂಚೀಪುರದಿಂದ ಬಂದ, ಎರಡು ವರ್ಷವೂ ತುಂಬದ ಹುಡುಗ. ರೋಗ ಬಿಲಿಯರಿ ಅಟ್ರೇಸಿಯಾ. ಯಕೃತ್ತಿನ ಭಾಗವನ್ನು ಕೊಟ್ಟವನು ತಂದೆ. ಆ ಹುಡುಗ ಬೆಳೆದು ವೈದ್ಯನಾದ. ಕಸಾಯ್ ವಿಧಾನ ಫಲಿಸದವರಿಗೆ, ತಡವಾಗಿ ಬಂದವರಿಗೆ ಇಂದು ಚೆನ್ನೈ, ದೆಹಲಿ, ಮುಂಬಯಿ, ಹೈದರಾಬಾದ್, ಬೆಂಗಳೂರುಗಳಲ್ಲಿ ಈ ದಾರಿ ಉಂಟು. ಆದರೆ ಅದರ ಖರ್ಚು ಎಷ್ಟು ಮನೆಗಳ ಕೈಗೆಟುಕೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಣ್ಣ ಸಂಗತಿಯಲ್ಲಿ, ಅಂದರೆ ಸಕಾಲದಲ್ಲಿ ಗುರುತಿಸುವುದರಲ್ಲಿ, ನಾವು ಹಿಂದುಳಿದಿದ್ದೇವೆ. ನಮ್ಮ ದೇಶದ ಕೇಂದ್ರಗಳ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ದೂರು ಒಂದೇ: ಮಕ್ಕಳು ಎರಡು ತಿಂಗಳು ದಾಟಿದ ಮೇಲೆ ಬರುತ್ತಾರೆ. ಕಾರಣಗಳು ಊಹೆಗೆ ನಿಲುಕದಂಥವಲ್ಲ. ಈ ಮಗು ಆರಂಭದಲ್ಲಿ ರೋಗಿಯಂತೆ ಕಾಣುವುದೇ ಇಲ್ಲ. ಹಾಲು ಕುಡಿಯುತ್ತದೆ, ನಗುತ್ತದೆ, ತೂಕವೂ ಏರುತ್ತದೆ. ಎದೆಹಾಲಿನ ಕಾಮಾಲೆ ಎಂಬ ಸಮಾಧಾನದ ಮಾತು ಸುಲಭವಾಗಿ ಸಿಗುತ್ತದೆ. ಎಳೆಬಿಸಿಲು, ನಾಟಿ ಔಷಧಿ, ಇನ್ನೊಂದು ವಾರ ನೋಡೋಣ ಎಂಬ ಸಲಹೆಗಳಲ್ಲಿ ದಿನಗಳು ಜಾರುತ್ತವೆ.

ಹೊರನಾಡ ಕನ್ನಡಿಗರಾದ ನಮಗೆ ಇನ್ನೂ ಒಂದು ಕಾರಣ ಸೇರಿಕೊಳ್ಳುತ್ತದೆ. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಮಗು ಹುಟ್ಟುವುದು ಶಿರಸಿಯಲ್ಲಿ ಅಥವಾ ಕಲಬುರ್ಗಿಯಲ್ಲಿ. ಬಾಣಂತನ ಮುಗಿಸಿ ಪುಣೆಗೋ ದೆಹಲಿಗೋ ಬರುವುದು ಮೂರನೆಯ ತಿಂಗಳಲ್ಲಿ. ಹುಟ್ಟಿದಾಗ ನೋಡಿದ ವೈದ್ಯರು ಒಬ್ಬರು, ಆಮೇಲೆ ನೋಡುವವರು ಮತ್ತೊಬ್ಬರು. ತಂದೆ ಮಗುವನ್ನು ನೋಡುವುದು ಮೊಬೈಲಿನ ಪರದೆಯಲ್ಲಿ. ಅಲ್ಲಿ ಕಣ್ಣಿನ ಹಳದಿ ಕಾಣುವುದಿಲ್ಲ. ಆ 60 ದಿನಗಳು ಎರಡು ಊರುಗಳ ನಡುವೆ ಕಳೆದುಹೋಗುತ್ತವೆ. ತವರಿನ ಬಾಣಂತನ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅಲ್ಲಿ ಕೂಸಿನ ಬಟ್ಟೆ ಬದಲಿಸುವ ಅಜ್ಜಿಯ ಕಣ್ಣಿಗಿಂತ ಒಳ್ಳೆಯ ಪರೀಕ್ಷಕರು ಸಿಗುವುದಿಲ್ಲ. ಏನನ್ನು ನೋಡಬೇಕೆಂದು ಆಕೆಗೆ ತಿಳಿದಿರಬೇಕು, ಅಷ್ಟೆ.

ನೋಡಬೇಕಾದದ್ದು ಮೂರೇ. ದಿನ ತುಂಬಿ ಹುಟ್ಟಿದ ಮಗುವಿಗೆ 14 ದಿನ, ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ 21 ದಿನ ದಾಟಿದರೂ ಕಣ್ಣಿನ ಹಳದಿ ಇಳಿದಿಲ್ಲವೇ? ಬಣ್ಣವಿಲ್ಲದೆ ಇರಬೇಕಾದ ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತಿದೆಯೇ? ಸಾಸಿವೆಯ ಹಳದಿಯಂತೆಯೋ ಹಸಿರಾಗಿಯೋ ಇರಬೇಕಾದ ಮಲ ಬಿಳಿಚಿದೆಯೇ? ಇವುಗಳಲ್ಲಿ ಒಂದಿದ್ದರೂ ಒಟ್ಟು ಬಿಲಿರುಬಿನ್ ಜೊತೆಗೆ ಡೈರೆಕ್ಟ್ ಬಿಲಿರುಬಿನ್ನನ್ನೂ ಅಳೆಯಿರಿ ಎಂದು ಕೇಳಬೇಕು. ಡೈರೆಕ್ಟ್ ಪ್ರಮಾಣ ಡೆಸಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಕಾಯದೆ ಮಕ್ಕಳ ಯಕೃತ್ ತಜ್ಞರ ಬಳಿಗೆ ಹೋಗಬೇಕು. ಎಲ್ಲ ಬಿಳಿಮಲವೂ ಈ ರೋಗವೇ ಆಗಿರಬೇಕಿಲ್ಲ. ಅದನ್ನು ಅವರು ತೀರ್ಮಾನಿಸಲಿ.

ಇದಕ್ಕೆ ಬೇಕಾದ ಸಂದರ್ಭಗಳು ನಮ್ಮ ವ್ಯವಸ್ಥೆಯಲ್ಲಿಯೇ ಇವೆ. ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರಬೇಕೆಂಬ ನಿಯಮವಿದೆ. ಆರನೆಯ ವಾರಕ್ಕೆ ಲಸಿಕೆ ಇದೆ. ಈ ಎಲ್ಲ ದಿನಗಳೂ ಅರವತ್ತರ ಒಳಗೇ ಬರುತ್ತವೆ. ತಾಯಿ ಕಾರ್ಡಿನ ಒಂದು ಪುಟದಲ್ಲಿ ಆರೇಳು ಬಣ್ಣದ ಚೌಕಗಳನ್ನು ಅಚ್ಚು ಹಾಕಿಸುವುದು ಸರಕಾರಗಳಿಗೆ ಭಾರವಾಗಲಾರದು. ಅದು ಆಗುವವರೆಗೆ ಈ ತಿಳಿವನ್ನು ಬಾಯಿಂದ ಬಾಯಿಗೆ ದಾಟಿಸುವ ಕೆಲಸ ನಮ್ಮದು. ನಮ್ಮ ಸಂಘಗಳ ವಾಟ್ಸ್ಆ್ಯಪ್ ಬಳಗಗಳಲ್ಲಿ ದಿನವೂ ಏನೇನೋ ಹರಿದಾಡುತ್ತದೆ. ಮನೆಯಲ್ಲಿ ಬಸುರಿ ಬಾಣಂತಿಯರಿದ್ದವರಿಗೆ ಈ ಮೂರು ಪ್ರಶ್ನೆಗಳೂ ತಲುಪಲಿ.